ಗುಡಿಯ ಹೊಸ್ತಿಲು ದಾಟುವ ಮುನ್ನ

ದೇವಸ್ಥಾನದಲ್ಲಿ ನಡೆದುಕೊಳ್ಳುವ ಕ್ರಮವನ್ನು ಯಾರೂ ಪುಸ್ತಕ ಓದಿ ಕಲಿಯುವುದಿಲ್ಲ. ಅಜ್ಜಿಯ ಕೈ ಹಿಡಿದು ಹೋದ ಮಗು ಅವಳು ಮಾಡಿದ್ದನ್ನೇ ಮಾಡುತ್ತದೆ. ಹೀಗಾಗಿ ಎಷ್ಟೋ ಸಲ ಆಚರಣೆ ಉಳಿದು, ಅದರ ಅರ್ಥ ಮರೆತುಹೋಗಿರುತ್ತದೆ.

ಮೊದಲ ಕೆಲಸ ಚಪ್ಪಲಿ ಬಿಟ್ಟು ಕಾಲು ತೊಳೆಯುವುದು. ಬೀದಿಯ ಧೂಳಿನೊಂದಿಗೆ ಬೀದಿಯ ಚಿಂತೆಯೂ ಹೊರಗುಳಿಯಲಿ ಎಂಬುದು ಇದರ ಆಶಯ. ಇದು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಜಪಾನಿನ ಶಿಂಟೋ ಗುಡಿಗೆ ಹೋಗುವವರು ಸೌಟಿನಿಂದ ನೀರು ತೆಗೆದು ಮೊದಲು ಎಡಗೈ, ನಂತರ ಬಲಗೈ ತೊಳೆದು ಬಾಯಿ ಮುಕ್ಕಳಿಸುತ್ತಾರೆ. ದೇವರೆದುರು ಸಾಮಾನ್ಯವಾಗಿ 2 ಸಲ ಬಾಗಿ, 2 ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ನಾವು ಗಂಟೆ ಬಾರಿಸಿ ಕೈಮುಗಿಯುತ್ತೇವೆ.

ನಂತರ ಪ್ರದಕ್ಷಿಣೆ. ದೇವರು ಸದಾ ನಮ್ಮ ಬಲಕ್ಕಿರುವಂತೆ ಸುತ್ತು ಬರಬೇಕು. ಹೊಳಲ್ಕೆರೆಯ ಬಯಲು ಗಣಪತಿಯನ್ನು ಎದುರಿನಿಂದಷ್ಟೇ ನೋಡಿ ಬಂದವರಿಗೆ ಅವನ ಬೆನ್ನ ಮೇಲಿನ ಜಡೆ ಕಾಣುವುದಿಲ್ಲ. ಅದನ್ನು ಕಾಣಲು ಸುತ್ತು ಬರಲೇಬೇಕು.

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಮುಖ್ಯವಾದುದು ತಾಳ್ಮೆ. ಹರಕೆ ಹೊತ್ತವರು ಅಲ್ಲಿನ ಕೊಳದ ಬಳಿ ಕುಳಿತು ಕಾಯುತ್ತಾರೆ. ನೀರಿನಿಂದ ತೇಲಿ ಬಂದದ್ದೇ ಗಂಗೆಯ ಪ್ರಸಾದವೆಂದು ಅವರ ನಂಬಿಕೆ. ನಂಬದವರೂ ಅಲ್ಲಿ ಸದ್ದು ಮಾಡದೆ ನಿಲ್ಲುವುದು ಮರ್ಯಾದೆ.

ಹಿರಿಯೂರಿನ ತೇರು ಮಲ್ಲೇಶ್ವರನ ಗುಡಿಯಲ್ಲಿ ಕೈಮುಗಿದ ಮೇಲೆ ತಲೆಯೆತ್ತಿ ನೋಡಬೇಕು. ಚಾವಣಿಯಲ್ಲಿ ಪುರಾಣ ಕಥೆಗಳ ಹಳೆಯ ವರ್ಣಚಿತ್ರಗಳಿವೆ. ಕರ್ಪೂರ, ಎಣ್ಣೆದೀಪಗಳ ಹೊಗೆ ಇಂಥ ಚಿತ್ರಗಳನ್ನು ಮಸಿಯಾಗಿಸುತ್ತದೆ. ಆದ್ದರಿಂದ ದೀಪವನ್ನು ಗೊತ್ತುಪಡಿಸಿದ ಜಾಗದಲ್ಲಷ್ಟೇ ಹಚ್ಚುವುದು ಒಳ್ಳೆಯದು.

ಚಿತ್ರದುರ್ಗದ ಕೋಟೆಯಲ್ಲಿ ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ ಗುಡಿಗಳಿವೆ. ಹಿಡಿಂಬೇಶ್ವರದಲ್ಲಿ ಹಿಡಿಂಬಾಸುರನದೆಂದು ತೋರಿಸುವ ದೊಡ್ಡ ಹಲ್ಲೂ ಇದೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಲ್ಲಿ ಭಕ್ತನ ಶಿಸ್ತಿನ ಜೊತೆಗೆ ಪ್ರವಾಸಿಯ ಶಿಸ್ತೂ ಬೇಕು. ಶಾಸನಗಲ್ಲಿನ ಮೇಲೆ ತೆಂಗಿನಕಾಯಿ ಒಡೆದರೆ, ಕಂಬಕ್ಕೆ ಎಣ್ಣೆ-ಕುಂಕುಮ ಬಳಿದರೆ ಅಕ್ಷರ ಅಳಿಯುತ್ತದೆ, ಕೆತ್ತನೆ ಮುಚ್ಚುತ್ತದೆ. ಬಂಡೆಯ ಮೇಲೆ ಹೆಸರು ಕೆತ್ತುವುದು ಅಪರಾಧ. ಭಕ್ತಿಯಿಂದಾದ ಹಾನಿಯೂ ಹಾನಿಯೇ. ಕಲ್ಲಿಗೆ ಆ ವ್ಯತ್ಯಾಸ ತಿಳಿಯದು.

ದರ್ಶನವಾದ ಕೂಡಲೇ ಓಡದೆ ಜಗಲಿಯಲ್ಲಿ ಕೊಂಚ ಹೊತ್ತು ಕೂರುವುದು ಹಿರಿಯರು ಪಾಲಿಸಿಕೊಂಡು ಬಂದ ರೂಢಿ. ಎದ್ದು ಹೊರಡುವಾಗ ಬಾಳೆಹಣ್ಣಿನ ಸಿಪ್ಪೆ, ಊದುಬತ್ತಿಯ ಖಾಲಿ ಪೊಟ್ಟಣಗಳನ್ನೂ ಜೊತೆಗೆ ಒಯ್ದರೆ, ಮುಂದೆ ಬಂದು ಕೂರುವವರಿಗೂ ಜಗಲಿ ಚೊಕ್ಕಟವಾಗಿ ಸಿಗುತ್ತದೆ.