ಭೂತದ ವೇಷದ ಮಕ್ಕಳ ಮೇಲಿರಲಿ ಕಣ್ಣು

ಅಕ್ಟೋಬರ್ 31ರ ಸಂಜೆ ಅಮೆರಿಕದ ಬೀದಿಗಳಲ್ಲಿ ದೆವ್ವ, ಮಾಟಗಾತಿ, ಅಸ್ಥಿಪಂಜರಗಳದ್ದೇ ಓಡಾಟ. ಎಲ್ಲವೂ ವೇಷ ತೊಟ್ಟ ಮಕ್ಕಳೇ! ಮನೆಮನೆಯ ಬಾಗಿಲು ತಟ್ಟಿ, ‘ಟ್ರಿಕ್ ಆರ್ ಟ್ರೀಟ್’ ಎಂದು ಕೂಗಿ, ಚೀಲದ ತುಂಬ ಮಿಠಾಯಿ ತುಂಬಿಸಿಕೊಳ್ಳುವ ಈ ಹಬ್ಬವೇ ಹ್ಯಾಲೋವೀನ್. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೂ ಇದು ಹೊಸದೇನಲ್ಲ. 2024ರಲ್ಲಂತೂ ದೀಪಾವಳಿಯ ಸಂಭ್ರಮದ ನಡುವೆಯೇ ಹ್ಯಾಲೋವೀನ್ ಬಂದಿತ್ತು.

ಮಕ್ಕಳು ಮರಳಿದೊಡನೆ ಅನೇಕ ತಾಯ್ತಂದೆಯರು ಮಾಡುವ ಮೊದಲ ಕೆಲಸ ಮಿಠಾಯಿಯ ತಪಾಸಣೆ. ಯಾರಾದರೂ ವಿಷ ಬೆರೆಸಿದ್ದರೆ? ಸೂಜಿ, ಬ್ಲೇಡು ಹುದುಗಿಸಿದ್ದರೆ? ಈ ಭಯಕ್ಕೆ ಬಲ ಕೊಟ್ಟದ್ದು 1974ರಲ್ಲಿ ಟೆಕ್ಸಾಸ್‌ನಲ್ಲಿ ನಡೆದ ಘಟನೆ. ಎಂಟು ವರ್ಷದ ಬಾಲಕನೊಬ್ಬ ಸಯನೈಡ್ ಬೆರೆತ ಸಿಹಿಪುಡಿ ತಿಂದು ಸತ್ತ. ವಿಷವಿಕ್ಕಿದವನು ಯಾರೋ ದಾರಿಹೋಕನಲ್ಲ. ವಿಮೆಯ ಹಣದ ಆಸೆಗೆ ಬಿದ್ದ ಹೆತ್ತ ತಂದೆ! ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ಹಲವು ದಶಕಗಳ ಪತ್ರಿಕಾ ವರದಿಗಳನ್ನು ಜಾಲಾಡಿದ್ದಾರೆ. ಅಪರಿಚಿತರು ಹಂಚಿದ ವಿಷದ ಮಿಠಾಯಿಯಿಂದ ಮಗುವೊಂದು ಸತ್ತದ್ದಕ್ಕೆ ಅವರಿಗೆ ಖಚಿತವಾದ ಒಂದು ನಿದರ್ಶನವೂ ಸಿಕ್ಕಿಲ್ಲ.

ಮಕ್ಕಳಿಗೆ ಕುತ್ತು ಬರುವುದು ರಸ್ತೆಯಲ್ಲಿ. 1975ರಿಂದ 2016ರವರೆಗಿನ 42 ವರ್ಷಗಳ ಅಪಘಾತಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಒಂದು ವಾರ ಹಿಂದಿನ ಮತ್ತು ಮುಂದಿನ ಸಂಜೆಗಳಿಗಿಂತ ಹ್ಯಾಲೋವೀನ್ ಸಂಜೆ ಪಾದಚಾರಿಗಳ ಸಾವಿನ ಸಂಭವ ಶೇ 43ರಷ್ಟು ಹೆಚ್ಚೆಂದು ಕಂಡುಬಂತು. 4ರಿಂದ 8 ವರ್ಷದ ಮಕ್ಕಳಲ್ಲಿ ಅದು ಹತ್ತು ಪಟ್ಟು! ಸಂಜೆ 6ರ ಆಸುಪಾಸು ಅತಿ ಅಪಾಯದ ಹೊತ್ತು.

ಕಾರಣ ಸರಳ ಗಣಿತದಲ್ಲಿದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಮಗುವನ್ನು ಕಂಡು ಚಾಲಕ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿದರೂ, ಅಷ್ಟರಲ್ಲಿ ಕಾರು 21 ಮೀಟರ್ ಮುಂದೆ ಬಂದಿರುತ್ತದೆ. ಬ್ರೇಕು ಹಿಡಿಯುವುದು ಆಮೇಲೆ. ಇತ್ತ ಮಾಟಗಾತಿಯ ಕಪ್ಪು ಉಡುಪು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹೀರಿಕೊಂಡುಬಿಡುತ್ತದೆ. ಮುಖವಾಡದ ಕಿರಿದಾದ ತೂತುಗಳಿಂದ ಮಗುವಿಗೆ ಅಕ್ಕಪಕ್ಕ ಕಾಣದು. ನಿಂತ ಎರಡು ಕಾರುಗಳ ನಡುವಿನಿಂದ ಅದು ಓಡಿಬಂದರೆ ಚಾಲಕನಾದರೂ ಏನು ಮಾಡಿಯಾನು?

ಪರಿಹಾರ ದುಬಾರಿಯೇನಲ್ಲ. ಅಂಗಡಿಯಲ್ಲಿ ಸಿಗುವ ಪ್ರತಿಫಲನ ಪಟ್ಟಿಯನ್ನು ಉಡುಪಿನ ಹಿಂದೆ, ಮುಂದೆ ಅಂಟಿಸಿದರಾಯಿತು. ಇಂಥ ಪಟ್ಟಿಗಳಲ್ಲಿರುವ ಸೂಕ್ಷ್ಮ ಗಾಜಿನ ಮಣಿಗಳು ಕಾರಿನ ದೀಪದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಹೀಗಾಗಿ ಚಾಲಕನಿಗೆ ಅದು ದೂರದಿಂದಲೇ ಹೊಳೆದು ಕಾಣುತ್ತದೆ. ವೇಷ ಕೆಟ್ಟಿತೆಂದು ಮಗು ಮುನಿಸಿಕೊಂಡರೆ ಮಿಠಾಯಿ ಚೀಲಕ್ಕಾದರೂ ಅಂಟಿಸಬಹುದು. ಮುಖವಾಡಕ್ಕಿಂತ ಮುಖಕ್ಕೆ ಬಣ್ಣವೇ ವಾಸಿ. ಅದನ್ನೂ ಹಿಂದಿನ ದಿನ ಮೊಣಕೈ ಬಳಿ ತುಸು ಹಚ್ಚಿ, ತುರಿಕೆಯಾಗುವುದೋ ಎಂದು ನೋಡಬೇಕು. ಕಾಲಿಗೆ ತೊಡರುವ ನಿಲುವಂಗಿ ಬೇಡ. ಕುಂಬಳಕಾಯಿಯೊಳಗೆ ಮೇಣದ ಬತ್ತಿಯ ಬದಲು ಬ್ಯಾಟರಿ ದೀಪವಿಟ್ಟರೆ ಬಟ್ಟೆಗೆ ಬೆಂಕಿ ತಗಲುವ ಭಯವೂ ತಪ್ಪುತ್ತದೆ. ಚಿಕ್ಕ ಮಕ್ಕಳ ಜೊತೆಗೆ ಹಿರಿಯರೊಬ್ಬರು ಹೋಗಲೇಬೇಕು.

ಹಾಗೆಂದು ಚೀಲವನ್ನು ನೋಡದೆ ಬಿಡುವಂತಿಲ್ಲ. ನಾಲ್ಕರೊಳಗಿನ ಮಕ್ಕಳ ಗಂಟಲಲ್ಲಿ ಗಟ್ಟಿ ಮಿಠಾಯಿ, ಇಡೀ ಕಡಲೆಕಾಯಿ ಬೀಜ ಸಿಕ್ಕಿಕೊಳ್ಳಬಹುದು. ಕಡಲೆಕಾಯಿಯ ಅಲರ್ಜಿ ಇರುವ ಮಗುವಿಗಂತೂ ಒಂದು ತುಣುಕೇ ಸಾಕು, ಉಸಿರು ಕಟ್ಟಬಹುದು. ಇಂಥ ಮಕ್ಕಳು ಹಬ್ಬದಿಂದ ಹೊರಗುಳಿಯದಿರಲೆಂದು 2014ರಿಂದ ಅಮೆರಿಕದಾದ್ಯಂತ ಒಂದು ಪದ್ಧತಿ ಹರಡಿದೆ. ಕೆಲವು ಮನೆಗಳ ಬಾಗಿಲಲ್ಲಿ ಹಸಿರುನೀಲಿ ಬಣ್ಣ ಬಳಿದ ಕುಂಬಳಕಾಯಿ ಕುಳಿತಿರುತ್ತದೆ. ಆ ಮನೆಯಲ್ಲಿ ಮಿಠಾಯಿ ಒಲ್ಲದ ಮಕ್ಕಳಿಗೆ ಪೆನ್ಸಿಲ್, ಪುಟ್ಟ ಆಟಿಕೆ ಸಿಗುತ್ತದೆ.