ಅಂಗಡಿಯ ಪಂಜರಗಳು

ನಮ್ಮ ಶಾಲೆಯ ಸಮೀಪದಲ್ಲಿ ಪ್ರಾಣಿಪಕ್ಷಿಗಳನ್ನು ಮಾರುವ ಅಂಗಡಿಯೊಂದಿದೆ. ಅಲ್ಲಿನ ಜೀವಿಗಳ ಸ್ಥಿತಿಯನ್ನು ಕುರಿತು ಈಚೆಗೆ ನೆರೆಹೊರೆಯವರಲ್ಲಿ ಕಳವಳ ಹುಟ್ಟಿದೆ. ಒಂದೇ ಪಂಜರದಲ್ಲಿ ಇಪ್ಪತ್ತು ಮೂವತ್ತು ಹಕ್ಕಿಗಳು, ಬತ್ತಿದ ನೀರಿನ ಬಟ್ಟಲು, ಮಧ್ಯಾಹ್ನದ ಬಿಸಿಲಿನಲ್ಲಿ ಮುದುಡಿ ಮಲಗಿದ ನಾಯಿಮರಿಗಳು. ಇವನ್ನು ಕಂಡು ಮರುಗದವರು ವಿರಳ. ಆದರೆ ಬರಿಯ ಮರುಕದಿಂದ ಆ ಮೂಕಜೀವಿಗಳ ಸಂಕಟವು ನಮಗೆ ಪೂರ್ತಿಯಾಗಿ ತಿಳಿಯಲಾರದು. ಅವುಗಳ ದೇಹಧರ್ಮವನ್ನೂ ಅಷ್ಟಿಷ್ಟು ಅರಿಯಬೇಕು.

ಹಕ್ಕಿಗೆ ಬೆವರಿನ ಗ್ರಂಥಿಗಳಿಲ್ಲ. ಸೆಕೆಯಾದಾಗ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಶಾಖವನ್ನು ಕಳೆಯುತ್ತದೆ. ಕಿಕ್ಕಿರಿದ ಪಂಜರದಲ್ಲಿ ರೆಕ್ಕೆಯನ್ನು ಅಗಲಿಸುವುದೆಲ್ಲಿ? ಬಾಯ್ದೆರೆದ ಹಕ್ಕಿಯನ್ನು ಕಂಡು ಹಾಡುತ್ತಿದೆಯೆಂದು ನಲಿಯುವವರೂ ಉಂಟು! ಕೊಳೆತ ಹಿಕ್ಕೆಯಿಂದೇಳುವ ಅಮೋನಿಯಾ ಅನಿಲವು ಅದರ ಸೂಕ್ಷ್ಮವಾದ ಶ್ವಾಸಾಂಗಗಳನ್ನು ಕೆಡಿಸುತ್ತದೆ. ತೊಟ್ಟಿಯ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕವು ಸಾಲದಾಗಿರಬಹುದು. ನಾಯಿಮರಿಯಾದರೋ ಒಡಹುಟ್ಟುಗಳೊಡನೆ ಆಡುತ್ತಲೇ ಎಷ್ಟು ಕಚ್ಚಿದರೆ ನೋವಾಗುವುದೆಂಬುದನ್ನು ಕಲಿಯುತ್ತದೆ. ಆದುದರಿಂದಲೇ ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬಾರದು.

ಇದಕ್ಕೆ ಕಾನೂನಿಲ್ಲವೆಂದಲ್ಲ. ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ಬಂದಿತು. ಮೈಯಾಡಿಸಲು ಎಡೆಯಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು ಅದರಂತೆ ಅಪರಾಧ. ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ. ಇದಕ್ಕೆ ಯಾವ ವ್ಯಾಪಾರಿ ಅಂಜಿಯಾನು? 2018ರ ನಿಯಮಗಳು ಇಂಥ ಅಂಗಡಿಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿದವು. ನಮ್ಮ ನಾಡಿನ ಹಸಿರು ಗಿಳಿಯನ್ನು ಮಾರುವುದನ್ನಂತೂ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ನಿಷೇಧಿಸಿದೆ.

ನಮ್ಮ ಕೆಲವು ವಿದ್ಯಾರ್ಥಿಗಳು ತಮ್ಮ ಕೈಖರ್ಚಿನ ಹಣವನ್ನು ಕೂಡಿಸಿ, ಸೊರಗಿದ ಹಕ್ಕಿಗಳನ್ನು ಕೊಂಡು ಬಿಡಿಸಲು ಯೋಚಿಸಿದ್ದಾರೆ. ಅವರ ಮನಸ್ಸು ಮೃದುವಾದುದು. ಆದರೆ ಅಂಗಡಿಯವನಿಗೆ ಅದು ಇನ್ನೊಂದು ವ್ಯಾಪಾರವಷ್ಟೆ; ಬರಿದಾದ ಪಂಜರಕ್ಕೆ ಆ ಹಣದಿಂದಲೇ ಬೇರೆ ಹಕ್ಕಿಗಳು ಬರುತ್ತವೆ. ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಯು ಹೊರಗೆ ಆಹಾರ ಹುಡುಕಲರಿಯದೆ ಕಾಗೆ ಹದ್ದುಗಳ ಪಾಲಾಗುವುದೂ ಉಂಟು.

ಹಿರಿಯರನ್ನು ಮುಂದಿಟ್ಟುಕೊಂಡು ಮೊದಲು ಅಂಗಡಿಯವನೊಡನೆಯೇ ಮಾತನಾಡುವುದು ಲೇಸು. ನೆರಳು, ನೀರು, ದಿನಕ್ಕೊಮ್ಮೆ ಪಂಜರವನ್ನು ತೊಳೆಯುವುದು, ಇವಕ್ಕೆ ಹೆಚ್ಚು ವೆಚ್ಚವಿಲ್ಲ. ಅವನು ಕೇಳದಿದ್ದರೆ, 1874ರಲ್ಲಿ ಸ್ಥಾಪನೆಯಾದ ಮುಂಬಯಿಯ ಪ್ರಾಣಿದಯಾ ಸಂಘಕ್ಕೆ ಹಿರಿಯರ ಸಹಿಯೊಡನೆ ಬರೆಯಬಹುದು. ಪತ್ರದಲ್ಲಿ ಬೈಗುಳ ಬೇಡ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಉದ್ದಗಲದ ಪಂಜರದಲ್ಲಿ ಎಷ್ಟು ಹಕ್ಕಿಗಳಿದ್ದವು, ಬಟ್ಟಲಿನಲ್ಲಿ ನೀರಿತ್ತೋ ಇಲ್ಲವೋ, ಇಷ್ಟನ್ನು ಎಣಿಸಿ, ಅಳೆದು ಬರೆದರೆ ಸಾಕು.