ಮೂಲ್ಕಿಯ ಅಳಿವೆಯಲ್ಲಿ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ನೀರೆಂದರೆ ಕೆರೆಯ ನೀರು. ಸಖರಾಯಪಟ್ಟಣದ ಅಯ್ಯನಕೆರೆಗಿಂತ ಹಿರಿದಾದ ಜಲರಾಶಿಯನ್ನು ಬಾಲ್ಯದಲ್ಲಿ ಕಂಡವರಲ್ಲ. ಆದರೂ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹುಡುಗರಿಂದ ಅಮರಕೋಶವನ್ನು ಬಾಯಿಪಾಠ ಮಾಡಿಸಿದೆವು. ಭಂಗ, ತರಂಗ, ಊರ್ಮಿ, ವೀಚಿ ಎಂದರೆ ಅಲೆ. ಉಲ್ಲೋಲ, ಕಲ್ಲೋಲ ಎಂದರೆ ಹೆದ್ದೆರೆ. ಒಡೆಯುವುದೆಂಬ ಅರ್ಥದ ಭಂಗವು ಅಲೆಗೆ ಹೆಸರಾದುದೇಕೆಂದು ಒಬ್ಬ ಹುಡುಗನು ಕೇಳಿದಾಗ, ಧಾತುವನ್ನು ಹೇಳಿ ಅವನ ಬಾಯಿ ಮುಚ್ಚಿಸಿದ್ದುಂಟು.

ಹದಿನೈದರ ಮೊಮ್ಮಗನು, ಹಲಗೆಯ ಮೇಲೆ ನಿಂತು ಅಲೆಯನ್ನೇರುವ ಸರ್ಫಿಂಗ್ ವಿದ್ಯೆಯನ್ನು ಮೂಲ್ಕಿಯಲ್ಲಿ ಕಲಿಯಬೇಕೆಂದು ಹಟ ಹಿಡಿದನು. ಮನೆಯ ಹೆಂಗಸರು ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ನಮ್ಮ ಅಣ್ಣನು ಹನ್ನೆರಡನೆಯ ವಯಸ್ಸಿನಲ್ಲಿ ಊರ ಕೆರೆಯಲ್ಲಿ ಮುಳುಗಿ ತೀರಿಕೊಂಡನು. ಅಂದಿನಿಂದ ನಮ್ಮ ಮನೆಯ ಮಕ್ಕಳನ್ನು ಯಾರೂ ನೀರಿಗಿಳಿಸಲಿಲ್ಲ. ನೋಡಿ ಬಂದು ಹೇಳುವೆವೆಂದು ಸಮಾಧಾನಪಡಿಸಿ, ದಸರೆಯ ರಜೆಯಲ್ಲಿ ಹುಡುಗನನ್ನು ಕರೆದುಕೊಂಡು ಚಾರ್ಮಾಡಿ ಘಾಟಿಯನ್ನಿಳಿದೆವು.

ಮೂಲ್ಕಿಯು ಶಾಂಭವೀ ನದಿಯ ದಡದ ಊರು. ಬಪ್ಪನಾಡಿನಲ್ಲಿ ದುರ್ಗಾಪರಮೇಶ್ವರಿಯ ದರ್ಶನ ಮಾಡಿಕೊಂಡು ಸಸಿಹಿತ್ಲಿಗೆ ಹೋದೆವು. ಅಲ್ಲಿ ಶಾಂಭವಿಯೂ ನಂದಿನಿಯೂ ಕೂಡಿ ಕಡಲನ್ನು ಸೇರುತ್ತವೆ. ಅಂಥ ಸ್ಥಳಕ್ಕೆ ಆ ಸೀಮೆಯಲ್ಲಿ ಅಳಿವೆಯೆಂದು ಹೆಸರು. ಕೇಳಿದೊಡನೆ ನಮಗೆ ಅಳಿವು ಎಂಬ ಶಬ್ದವೇ ನೆನಪಾಯಿತು. ದಡದಲ್ಲಿ ದೋಣಿಗಳು, ಬಲೆಗಳು. ಅವುಗಳ ಪಕ್ಕದಲ್ಲಿ ಬಣ್ಣಬಣ್ಣದ ಹಲಗೆಗಳು. ಇಲ್ಲಿ ಈ ವಿದ್ಯೆಗೆ ನೆಲೆಯೊದಗಿಸಿದವರು ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ವೈಷ್ಣವ ಸಂನ್ಯಾಸಿಗಳು. ಅವರೂ ಅವರ ಶಿಷ್ಯರೂ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಸ್ಥಾಪಿಸಿದರು. ಸಂನ್ಯಾಸಿಗೆ ಅಲೆಯಾಟವೇಕೆಂದು ಕೇಳುವವರುಂಟು. ಸಂಸಾರವನ್ನೇ ಸಾಗರವೆಂದು ಕರೆದ ನಾಡಿನಲ್ಲಿ ಇದೇನೂ ಅಷ್ಟು ವಿಚಿತ್ರವಲ್ಲ. 2016ರಲ್ಲಿ ಇದೇ ತೀರದಲ್ಲಿ ಅಖಿಲ ಭಾರತ ಮಟ್ಟದ ಸ್ಪರ್ಧೆ ನಡೆಯಿತು. 2021ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟವು ಮೊದಲ ಬಾರಿಗೆ ಸೇರಿತು.

ಕಲ್ಲೋಲವೆಂಬ ಹೆಸರಿಗೆ ನಿಜವಾಗಿ ತಕ್ಕ ಅಲೆಗಳು ಪೋರ್ತುಗಲ್ಲಿನ ನಜಾರೆ ಎಂಬ ಬೆಸ್ತರ ಊರಿನಲ್ಲಿ ಏಳುತ್ತವೆ. ಅಲ್ಲಿ ಸಮುದ್ರದಡಿಯ ಆಳವಾದ ಕಮರಿಯೊಂದು ದಡದವರೆಗೂ ಚಾಚಿರುವುದರಿಂದ ಅಲೆಗಳು ಗುಡ್ಡದಂತೆ ಬೆಳೆಯುತ್ತವೆ. 2020ರಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್‌ನರ್ ಏರಿದ ಅಲೆ 86 ಅಡಿ. ಮೂಲ್ಕಿಯಲ್ಲಿ ನಾವು ಕಂಡದ್ದು ಆಳೆತ್ತರದ ಅಲೆಗಳನ್ನು ಮಾತ್ರ. ಕೆರೆಯವರಿಗೆ ಅಷ್ಟೇ ಸಾಕಾಗಿತ್ತು.

ಗಂಟೆಗಟ್ಟಲೆ ನೋಡುತ್ತ ಕುಳಿತೆವು. ದೂರದ ಗಾಳಿಯಿಂದೆದ್ದ ಅಲೆಯಲ್ಲಿ ಮುಂದೆ ಸಾಗುವುದು ಚಲನೆಯೇ ಹೊರತು ನೀರಲ್ಲ. ನೀರಿನ ಕಣಗಳು ಇದ್ದಲ್ಲೇ ಸುತ್ತುತ್ತಿರುತ್ತವೆ. ಅಲೆಯು ಮರಳದಿಣ್ಣೆಯ ಮೇಲೆ ಬಂದಾಗ ಬುಡವು ನಿಧಾನವಾಗಿ, ಎತ್ತರವು ಹೆಚ್ಚಿ, ನೆತ್ತಿ ಮುಂದೋಡಿ ಮುರಿದು ಬೀಳುತ್ತದೆ. ಹಲಗೆಯವನು ಮುರಿಯುವ ಕಡೆಯನ್ನು ಬೆನ್ನಿಗೆ ಬಿಟ್ಟು, ಇನ್ನೂ ಮುರಿಯದ ಇಳಿಜಾರಿನ ಮೇಲೆ ಅಡ್ಡಲಾಗಿ ಜಾರುತ್ತಾನೆ. ಭಂಗವೆಂಬ ಹೆಸರೇಕೆಂದು ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರವು ಕಣ್ಣೆದುರಿಗೇ ಇತ್ತು.

ಬಲೆ ಹೆಣೆಯುತ್ತಿದ್ದ ಮೊಗವೀರ ವೃದ್ಧರೊಬ್ಬರು, “ಅಲೆಗೆ ಹೆದರುವುದು ಬೇಡ ಮಾಸ್ಟ್ರೇ. ಅಲೆ ದಡಕ್ಕೇ ತರ್‍ತದೆ. ನೀರು ತಿರುಗಿ ಹೋಗುವ ದಾರಿ ಉಂಟಲ್ಲ, ಆ ಸೆಳೆತವನ್ನು ನೋಡಿ,” ಎಂದು ಅಲೆಗಳು ಮುರಿಯದೆ ನಯವಾಗಿ ಕಾಣುತ್ತಿದ್ದ ಒಂದು ಪಟ್ಟಿಯತ್ತ ಬೆರಳು ತೋರಿಸಿದರು. ಅತ್ಯಂತ ಶಾಂತವಾಗಿ ಕಂಡದ್ದು ಅದೇ ನೀರು!

ಕಲಿಸುವ ತರುಣನು ಮೊಮ್ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ: “ಈಜು ಬರ್‍ತದಾ?” ಹುಡುಗನು ತಲೆ ತಗ್ಗಿಸಿದನು. “ಕಲಿತುಕೊಂಡು ಬಾ. ಹಲಗೆ ಎಲ್ಲಿಗೂ ಹೋಗುವುದಿಲ್ಲ,” ಎಂದು ಅವನು ನಕ್ಕು, ನಮ್ಮ ಮುಖವನ್ನು ನೋಡಿದನು. ನಮಗೆ ಮಾತು ಹೊರಡಲಿಲ್ಲ. ಅಣ್ಣನಿಗೂ ಈಜು ಬರುತ್ತಿರಲಿಲ್ಲ. ಅವನು ಹೋದ ಮೇಲಾದರೂ ಕಲಿಸಬೇಕಾಗಿದ್ದ ವಿದ್ಯೆಯನ್ನು, ಅವನು ಹೋದನೆಂಬ ಕಾರಣದಿಂದಲೇ ನಾವು ಮೂರು ತಲೆಮಾರಿಗೆ ತಪ್ಪಿಸಿದ್ದೆವು.

ಬಸ್ಸು ಘಾಟಿಯನ್ನೇರುವಾಗ, “ತಾತ, ಅಜ್ಜಿಗೆ ಏನು ಹೇಳುತ್ತೀರಿ?” ಎಂದು ಹುಡುಗನು ಕೇಳಿದನು. ನೋಡೋಣವೆಂದೆವು.

ಹೇಳುವುದು ಸುಲಭವಾಗಲಿಲ್ಲ, ಎರಡು ದಿನ ಮನೆಯಲ್ಲಿ ಮಾತುಕತೆಯೇ ಇರಲಿಲ್ಲ. ಈಗ ದಿನವೂ ಬೆಳಿಗ್ಗೆ ತೋಟದ ಮೆಟ್ಟಿಲ ಬಾವಿಯಲ್ಲಿ ಹುಡುಗನು ನಡುವಿಗೆ ಬೆಂಡು ಕಟ್ಟಿಕೊಂಡು ಕೈಕಾಲು ಬಡಿಯುತ್ತಾನೆ. ಕಲಿಸಲು ಈಜು ಬಲ್ಲ ನೆರೆಯವರೊಬ್ಬರು ನೀರಿಗಿಳಿಯುತ್ತಾರೆ. ಹಗ್ಗದ ತುದಿಯನ್ನು ಹಿಡಿದು ನಾವು ಮೇಲಿನ ಮೆಟ್ಟಿಲಲ್ಲಿ ಕುಳಿತಿರುತ್ತೇವೆ.